ಮೂರನೇ ವರ್ಷಕ್ಕೆ ಮೊದಲೇ ಬಿಡಿಸಬೇಕೇ? ಮೈಸೂರಿನ ಒಂದು ಮಕ್ಕಳ ಮನೆಯ ಪ್ರಕರಣ

ಮೈಸೂರಿನಲ್ಲಿ ವರ್ಷದ ಕೊನೆ ಹತ್ತಿರ ಬಂತೆಂದರೆ ಶಾಲೆಗಳ ಅರ್ಜಿ ಶುರುವಾಗುತ್ತದೆ. ನಾಲ್ಕು ವರ್ಷ ದಾಟಿದ ಮಗು ಇರುವ ಮನೆಗಳಲ್ಲಿ ಆಗ ಒಂದೇ ಮಾತು: 'ಈಗ ಯುಕೆಜಿಗೆ ಸೇರಿಸಲಿಲ್ಲ ಅಂದ್ರೆ ಒಂದನೇ ಕ್ಲಾಸಿಗೆ ಸೀಟು ಸಿಗಲ್ಲ.' ಮಾಂಟೆಸ್ಸರಿ ಪದ್ಧತಿಯ ಶಿಶುಶಾಲೆಯಲ್ಲಿ, ಅಂದರೆ ಮಕ್ಕಳ ಮನೆಯಲ್ಲಿ, ಎರಡು ವರ್ಷ ಕಳೆದ ಎಷ್ಟೋ ಮಕ್ಕಳು ಅಲ್ಲಿನ ಮೂರನೇ ವರ್ಷಕ್ಕೆ ಕಾಲಿಡುವ ಮೊದಲೇ ಹೊರಡುವುದು ಈ ಒಂದು ಭಯದಿಂದ.

ನಾನು ಸರಸ್ವತಿಪುರಂನ ಒಂದು ಮಕ್ಕಳ ಮನೆಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಇಲ್ಲಿ ಬರೆಯುತ್ತಿರುವುದು ಒಬ್ಬ ಹುಡುಗನ ಪ್ರಕರಣ. ಮನೆಯವರು ಒಪ್ಪಿದ್ದಾರೆ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಮನೆಯಲ್ಲಿ ಅವನನ್ನು ಕರೆಯುವ ಹಾಗೆ ಪುಟ್ಟ ಎಂದೇ ಕರೆಯುತ್ತೇನೆ.

ಮಾಂಟೆಸ್ಸರಿ ಪದ್ಧತಿಯಲ್ಲಿ ಮೂರರಿಂದ ಆರರವರೆಗೆ ಒಂದೇ ಕೋಣೆ, ಒಂದೇ ಗುಂಪು. ಎಲ್‌ಕೆಜಿ, ಯುಕೆಜಿ ಎಂಬ ಮೆಟ್ಟಿಲು ಇಲ್ಲ. ಮೊದಲ ಎರಡು ವರ್ಷದಲ್ಲಿ ಕೈಗೂ ಕಿವಿಗೂ ಬಂದದ್ದು ಕಾಗದದ ಮೇಲೆ ಕಾಣಿಸತೊಡಗುವುದು ಮೂರನೇ ವರ್ಷದಲ್ಲಿ. ಅದಕ್ಕೆ ಸ್ವಲ್ಪ ಮೊದಲು ಒಂದು ಹಾಳೆ ಕೊಟ್ಟು ಅಳೆದರೆ ಮಗುವಿಗೆ ಏನೂ ಬರುವುದಿಲ್ಲ ಎಂದೇ ಕಾಣುತ್ತದೆ. ಪುಟ್ಟನಿಗೆ ಆದದ್ದು ಅದೇ.

ಮಗು ಮತ್ತು ಮನೆ

ಪುಟ್ಟ ಜೂನ್‌ನಲ್ಲಿ ಸೇರಿದಾಗ ಮೂರು ವರ್ಷ ಮೂರು ತಿಂಗಳು. ತಂದೆಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ, ತಾಯಿ ಬ್ಯಾಂಕಿನಲ್ಲಿ. ತಾತ ಅಜ್ಜಿ ಮದ್ದೂರು ತಾಲ್ಲೂಕಿನ ಊರಿನಲ್ಲಿದ್ದಾರೆ. ತಾತ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬಿಡುವಾದಾಗ ಬಸ್ಸು ಹತ್ತಿ ಮೊಮ್ಮಗನನ್ನು ನೋಡಲು ಬರುತ್ತಾರೆ.

ಮೊದಲ ವರ್ಷ ಅವನದು ಹೆಚ್ಚಾಗಿ ನೀರಿನ ಕೆಲಸ. ಜಗ್ಗಿನಿಂದ ಲೋಟಕ್ಕೆ ಸುರಿಯುವುದು, ಮೇಜು ಒರೆಸುವುದು, ಕರವಸ್ತ್ರ ಒಗೆದು ಒಣಹಾಕುವುದು. ಎರಡನೇ ವರ್ಷ ಅಕ್ಷರ ಮತ್ತು ಸಂಖ್ಯೆಯ ಕಡೆ ತಿರುಗಿದ. ತುಂಬ ಮಾತಾಡುವ ಹುಡುಗ ಅಲ್ಲ. ಗೊತ್ತಿಲ್ಲದವರು 'ಮಾಡು' ಎಂದರೆ ಮಾಡುವವನೂ ಅಲ್ಲ.

ಆ ಹಾಳೆ

ಎರಡನೇ ವರ್ಷದ ಜನವರಿಯಲ್ಲಿ ತಂದೆತಾಯಿ ಅವನನ್ನು ನಗರದ ಒಂದು ದೊಡ್ಡ ಶಾಲೆಗೆ ಯುಕೆಜಿ ಪ್ರವೇಶಕ್ಕೆ ಕರೆದುಕೊಂಡು ಹೋದರು. ಆಗ ಅವನಿಗೆ ನಾಲ್ಕು ವರ್ಷ ಹತ್ತು ತಿಂಗಳು. 'ಇಂಟರ್‌ಯಾಕ್ಷನ್' ಎಂದು ಕರೆದಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರವೇಶದ ಸಮಯದಲ್ಲಿ ಮಕ್ಕಳನ್ನು ಪರೀಕ್ಷಿಸಿ ಆರಿಸಬಾರದು ಎನ್ನುತ್ತದೆ. ಆದರೆ ಆ ಕಾಯ್ದೆ 6ರಿಂದ 14 ವರ್ಷದವರಿಗೆ. ಅದಕ್ಕಿಂತ ಚಿಕ್ಕವರ ವಿಷಯದಲ್ಲಿ ಇಂಥ 'ಮಾತುಕತೆ' ನಡೆಯುತ್ತಲೇ ಇದೆ.

ಹಾಳೆಯಲ್ಲಿ ಮೂರು ಕೆಲಸ ಇತ್ತು. ಇಂಗ್ಲಿಷಿನ ಎ ಇಂದ ಝಡ್‌ವರೆಗೆ ದೊಡ್ಡಕ್ಷರದಲ್ಲಿ ಬರೆಯಬೇಕು. 1ರಿಂದ 50 ಬರೆಯಬೇಕು. ಒಂದು ಸೇಬಿಗೆ ಗೆರೆ ದಾಟದೆ ಬಣ್ಣ ತುಂಬಬೇಕು. ಪುಟ್ಟ ಮೂರು ಸಣ್ಣಕ್ಷರ ಬರೆದ, ಅದೂ ಕ್ರಮ ತಪ್ಪಿ. ಬಿ ತೋರಿಸಿದಾಗ 'ಬ್' ಎಂದ. 10ರವರೆಗೆ ಬರೆದು ಅಲ್ಲಿದ್ದ ಮೇಡಂನ್ನು 'ಮಣಿ ಇಲ್ವಾ?' ಎಂದು ಕೇಳಿದನಂತೆ. ಬಣ್ಣ ಮುಟ್ಟಲಿಲ್ಲ. 'ಬೇಕಾದ್ರೆ ಎಲ್‌ಕೆಜಿಗೆ ತಗೋತೀವಿ' ಎಂದು ಹೇಳಿ ಕಳಿಸಿದರು.

ಮರುದಿನ ತಂದೆ ಬಂದರು. ಸಿಟ್ಟಿಗಿಂತ ಜಾಸ್ತಿ ಗಾಬರಿ ಇತ್ತು ಮುಖದಲ್ಲಿ. 'ಮೇಡಂ, ಎರಡು ವರ್ಷ ಆಯ್ತು. ಎ ಬಿ ಸಿ ಡಿ ಬರೆಯೋಕೆ ಬರಲ್ಲ ಅಂದ್ರೆ ನಾವೇನು ತಿಳ್ಕೋಬೇಕು?' ನ್ಯಾಯವಾದ ಪ್ರಶ್ನೆ. ದುಡ್ಡು ಕಟ್ಟಿದವರು, ಮಗುವನ್ನು ನಂಬಿ ಕಳಿಸಿದವರು ಕೇಳಲೇಬೇಕಾದ ಪ್ರಶ್ನೆ. 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮರಿಯಾ ಮಾಂಟೆಸ್ಸರಿ ಮೊದಲ ಮಕ್ಕಳ ಮನೆ ತೆರೆದಾಗಲೂ ಮಕ್ಕಳಿಗೆ ಓದು ಬರಹ ಕಲಿಸಿ ಎಂದು ಬಂದು ಕೇಳಿದ್ದು ಅಲ್ಲಿನ ತಾಯಂದಿರೇ, ಅವರಲ್ಲಿ ಎಷ್ಟೋ ಜನಕ್ಕೆ ಓದು ಬರುತ್ತಿರಲಿಲ್ಲ. ಅಕ್ಷರ ಕಲಿಸುವ ಯೋಚನೆ ಆಗ ಮಾಂಟೆಸ್ಸರಿಯವರಿಗೆ ಇರಲಿಲ್ಲ.

ಅವನಿಗೆ ಆಗ ಏನು ಬರುತ್ತಿತ್ತು

ದಿನಾ ಯಾವ ಮಗು ಯಾವ ಕೆಲಸ ಮಾಡಿತು ಎಂದು ನಾವು ಬರೆದಿಡುತ್ತೇವೆ. ಆ ಪುಸ್ತಕ ತೆಗೆದು ತಂದೆಯ ಮುಂದಿಟ್ಟೆ.

ಅಕ್ಷರದಿಂದ ಶುರು ಮಾಡುತ್ತೇನೆ, ಈ ಪ್ರಕರಣದ ಜೀವ ಇರುವುದು ಅಲ್ಲೇ. ಮಾಂಟೆಸ್ಸರಿಯಲ್ಲಿ ಮಗು ಮೊದಲು ಕಲಿಯುವುದು ಅಕ್ಷರದ ಹೆಸರನ್ನಲ್ಲ, ಅದರ ಸದ್ದನ್ನು. ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರದ ಮೇಲೆ ಎರಡು ಬೆರಳು ಆಡಿಸುತ್ತಾ ಸದ್ದು ಹೇಳುತ್ತದೆ. ಇಂಗ್ಲಿಷಿನಲ್ಲಿ ಮೊದಲು ಬರುವುದು ಸಣ್ಣಕ್ಷರ, ಯಾಕೆಂದರೆ ಪುಸ್ತಕದ ತುಂಬ ಇರುವುದು ಅವೇ. ಆಮೇಲೆ ಬಿಡಿ ಅಕ್ಷರಗಳ ಪೆಟ್ಟಿಗೆ. ಪೆನ್ಸಿಲ್ ಹಿಡಿಯುವ ಬಲ ಬೆರಳಿಗೆ ಇನ್ನೂ ಬಂದಿರುವುದಿಲ್ಲ, ಆದರೆ ತಲೆಯೊಳಗೆ ಮಾತು ಕೂತಿರುತ್ತದೆ. ಆಗ ಮಗು ಅಕ್ಷರ ಜೋಡಿಸಿ 'ಬರೆಯುತ್ತದೆ'. ಓದುವುದಕ್ಕಿಂತ ಮೊದಲೇ ಬರೆಯುತ್ತದೆ.

ಆ ಡಿಸೆಂಬರ್‌ನಲ್ಲಿ ಪುಟ್ಟ ಚಾಪೆಯ ಮೇಲೆ ತಾನಾಗಿಯೇ ಜೋಡಿಸಿದ ಒಂದು ಸಾಲನ್ನು ನಾನು ನೋಡಿ ಬರೆದಿಟ್ಟಿದ್ದೆ:

ಅಜಜಿ ಬಸಸಲಲಿ ಬರತಾರೆ

ಅಜ್ಜಿ ಬಸ್ಸಲ್ಲಿ ಬರ್ತಾರೆ. ಯಾರೂ ಹೇಳಿಕೊಟ್ಟ ವಾಕ್ಯ ಅಲ್ಲ. ಆ ದಿನ ಅವನ ಮನಸ್ಸಿನಲ್ಲಿ ಇದ್ದದ್ದು. ಸರಿಯಾಗಿ ನೋಡಿ. 'ಜಿ', 'ಲಿ', 'ರೆ' ಬಂದಿವೆ, ಅಂದರೆ ಕಾಗುಣಿತ ಬಂದಿದೆ. ಒತ್ತು ಬಂದಿಲ್ಲ. ಆದರೆ ಅಜ್ಜಿಯಲ್ಲಿ ಎರಡು ಜ ಇವೆ, ಬಸ್ಸಿನಲ್ಲಿ ಎರಡು ಸ ಇವೆ ಎಂದು ಅವನ ಕಿವಿಗೆ ಗೊತ್ತು. 'ಅಜಿ' ಎಂದು ಬರೆದಿದ್ದರೆ ನನಗೆ ಚಿಂತೆ ಆಗುತ್ತಿತ್ತು. 'ಅಜಜಿ' ಎಂದರೆ ಕೇಳಿಸಿಕೊಳ್ಳುವ ಕೆಲಸ ಮುಗಿದಿದೆ, ಬರೆಯುವ ರೀತಿ ಒಂದೇ ಬಾಕಿ. ನಾಲ್ಕೂಮುಕ್ಕಾಲು ವರ್ಷದ ಮಗು ಇದು. ಆ ಶಾಲೆಯಲ್ಲಿ ಕನ್ನಡದ ಒಂದಕ್ಷರವನ್ನೂ ಯಾರೂ ಕೇಳಲಿಲ್ಲ.

ಸಂಖ್ಯೆಯದೂ ಹೀಗೇ. ನಮ್ಮಲ್ಲಿ ಚಿನ್ನದ ಬಣ್ಣದ ಮಣಿಗಳಿವೆ. ಒಂದು ಬಿಡಿ ಮಣಿ, ಹತ್ತರ ಕಡ್ಡಿ, ನೂರರ ಚೌಕ, ಸಾವಿರದ ಘನ. '3246 ತಗೊಂಡು ಬಾ' ಎಂದರೆ ಪುಟ್ಟ ಟ್ರೇ ಹಿಡಿದು ಹೋಗಿ ಮೂರು ಘನ, ಎರಡು ಚೌಕ, ನಾಲ್ಕು ಕಡ್ಡಿ, ಆರು ಮಣಿ ತರುತ್ತಿದ್ದ. ಸಾವಿರದ ಘನ ಎಷ್ಟು ಭಾರ ಎಂದು ಅವನ ತೋಳಿಗೆ ಗೊತ್ತು. 50ರವರೆಗೆ ಸಾಲಾಗಿ ಬರೆಯುವುದು ಬೇರೆಯೇ ಕೆಲಸ. ಅದು ಆಮೇಲೆ ಬರುತ್ತದೆ.

ಬಾರದ್ದೂ ಇತ್ತು, ಅದನ್ನೂ ತಂದೆಗೆ ಹೇಳಿದೆ. ಪೆನ್ಸಿಲ್ ಒತ್ತಿ ಬರೆಯುವ ಬಲ ಸಾಲದು. ಲೋಹದ ಚೌಕಟ್ಟಿನೊಳಗೆ ಗೆರೆ ಎಳೆಯುವ ಮೆಟಲ್ ಇನ್‌ಸೆಟ್ ಎಂಬ ಸಾಮಗ್ರಿ ಇದೆ, ಹತ್ತು ಆಕಾರಗಳದ್ದು, ಬರೆಯುವ ಕೈ ಪಳಗುವುದು ಅದರಲ್ಲಿ. ಪುಟ್ಟ ಅದನ್ನು ಎತ್ತಿಕೊಳ್ಳುತ್ತಿದ್ದುದೇ ಅಪರೂಪ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. 'ಮಗು ತನ್ನ ವೇಗದಲ್ಲಿ ಕಲಿಯುತ್ತೆ' ಎಂಬುದನ್ನು ನೆಪ ಮಾಡಿಕೊಳ್ಳಬಾರದು. ಕಿವಿ, ಮಾತು, ಕಣ್ಣು ಯಾವುದರಲ್ಲಾದರೂ ಅನುಮಾನ ಇದ್ದರೆ ಕಾಯಬಾರದು. ಮಾತು ಮತ್ತು ಶ್ರವಣಕ್ಕೆಂದೇ ಮಾನಸಗಂಗೋತ್ರಿಯಲ್ಲಿ ರಾಷ್ಟ್ರಮಟ್ಟದ ಸಂಸ್ಥೆ ಇರುವ ಊರು ನಮ್ಮದು. ಪುಟ್ಟನ ತಾಯಿ ಕಣ್ಣಿನ ಪರೀಕ್ಷೆ ಮಾಡಿಸಿದರು. ತೊಂದರೆ ಇರಲಿಲ್ಲ.

ಫೆಬ್ರವರಿ ಕೆಟ್ಟಿತು

ಪುಸ್ತಕ ನೋಡಿದ ತಂದೆ ಸ್ವಲ್ಪ ಸಮಾಧಾನದಿಂದ ಹೋದರು. ಆದರೆ ಮನೆಯಲ್ಲಿ ಹೆದರಿಕೆ ಇಳಿಯಲಿಲ್ಲ. ತಾಯಿ ಸಂಜೆ ಬ್ಯಾಂಕಿನಿಂದ ಬಂದ ಮೇಲೆ ಒಂದು ಗಂಟೆ ಕಾಪಿ ಬರೆಸಲು ಶುರು ಮಾಡಿದರು. ಎ ಒಂದು ಪುಟ, ಬಿ ಒಂದು ಪುಟ. ಅವರಿಗೂ ಸುಸ್ತು, ಮಗುವಿಗೂ ಸುಸ್ತು.

ಪುಟ್ಟ ಇಲ್ಲಿ ಅಕ್ಷರದ ಪೆಟ್ಟಿಗೆಯ ಹತ್ತಿರ ಬರುವುದನ್ನೇ ಬಿಟ್ಟ. ನಾನು ಒಮ್ಮೆ ಕರೆದಾಗ 'ಆಂಟಿ, ಇದು ಹೋಂವರ್ಕಾ?' ಎಂದು ಕೇಳಿದ. ಮತ್ತೆ ನೀರಿನ ಜಗ್ಗಿಗೆ ಹೋದ. ಮೇಜು ಒರೆಸಿದ್ದೇ ಒರೆಸಿದ್ದು. ಹಳೆಯ, ಚೆನ್ನಾಗಿ ಬರುವ ಕೆಲಸಕ್ಕೆ ಮಗು ವಾಪಸು ಹೋಗುವುದು ಹಿಂದೆ ಬಿದ್ದಂತಲ್ಲ. ಕೈಗೆ ನೆಮ್ಮದಿ ಬೇಕಾದಾಗ ಮಕ್ಕಳು ಹಾಗೆ ಮಾಡುತ್ತಾರೆ. ನಾವು ತಡೆಯಲಿಲ್ಲ. ಆದರೆ ಡಿಸೆಂಬರ್‌ನಲ್ಲಿ ವಾಕ್ಯ ಜೋಡಿಸಿದ ಮಗು ಫೆಬ್ರವರಿಯಲ್ಲಿ ಅಕ್ಷರ ಕಂಡರೆ ಮುಖ ತಿರುಗಿಸುವುದನ್ನು ನೋಡುವುದು ಕಷ್ಟ.

ತಾಯಿಗೆ ಇದನ್ನು ಹಾಗೆಯೇ ಹೇಳಿದೆ. ಸಂಜೆಯ ಕಾಪಿ ನಿಲ್ಲಿಸಿ, ಆ ಒಂದು ಗಂಟೆ ಅವನು ಅಡುಗೆಮನೆಯಲ್ಲಿ ನಿಮ್ಮ ಪಕ್ಕ ಇರಲಿ, ಬಟಾಣಿ ಸುಲಿಯಲಿ, ಚಪಾತಿ ಹಿಟ್ಟು ನಾದಲಿ ಎಂದೆ. ಬೆರಳಿಗೆ ಬೇಕಾದ ಕೆಲಸವೂ ಅದೇ. ಅವರು ತಕ್ಷಣ ಒಪ್ಪಲಿಲ್ಲ. 'ಎಲ್ಲರ ಮಕ್ಕಳೂ ಬರೀತಾರೆ ಮೇಡಂ, ಇವನೊಬ್ಬ ಬಟಾಣಿ ಸುಲೀತಾ ಕೂತ್ಕೊಳ್ಳೋದಾ?' ಎಂದರು. ಕಣ್ಣಲ್ಲಿ ನೀರಿತ್ತು.

ಮೇಷ್ಟ್ರು ಬಂದ ದಿನ

ಮಾತಿನಿಂದ ಆಗುವುದಿಲ್ಲ, ಒಂದು ಬೆಳಿಗ್ಗೆ ಬಂದು ಕೂತು ನೋಡಿ ಎಂದು ಮನೆಯವರನ್ನು ಕರೆದೆ. ಷರತ್ತು ಒಂದೇ: ಮೂಲೆಯ ಕುರ್ಚಿಯಲ್ಲಿ ಕೂರಬೇಕು, ಮಗುವನ್ನು ಮಾತಾಡಿಸಬಾರದು. ತಂದೆ ರಜೆ ಹಾಕಿ ಬಂದರು. ಮದ್ದೂರಿನಿಂದ ತಾತನೂ ಬಂದರು.

ಬೆಳಿಗ್ಗೆ ಮೂರು ಗಂಟೆಗಳ ಕಾಲ ನಮ್ಮಲ್ಲಿ ಬೆಲ್ ಇಲ್ಲ, ಪೀರಿಯಡ್ ಇಲ್ಲ. ಪುಟ್ಟ ಮೊದಲು ನೀರು ಸುರಿದ, ಗಿಡಕ್ಕೆ ಹಾಕಿದ, ಸುಮ್ನೆ ಓಡಾಡಿದ. ತಂದೆ ಗಡಿಯಾರ ನೋಡುತ್ತಿದ್ದರು. ಆಮೇಲೆ ಅವನಿಗಿಂತ ದೊಡ್ಡ ಹುಡುಗಿಯೊಬ್ಬಳು ಮಣಿ ಕೆಲಸಕ್ಕೆ ಕರೆದಳು. ಅವಳ ಟ್ರೇಯಲ್ಲಿ 2475, ಇವನದರಲ್ಲಿ 1368. ಎರಡನ್ನೂ ಚಾಪೆಯ ಮೇಲೆ ಸುರಿದು ಕೂಡಿಸಿದರು. ಬಿಡಿ ಮಣಿ ಹದಿಮೂರು ಆದವು. ಹತ್ತನ್ನು ಎಣಿಸಿ ಕೊಟ್ಟು ಒಂದು ಕಡ್ಡಿ ತಂದರು. ಈಗ ಕಡ್ಡಿ ಹದಿನಾಲ್ಕು. ಹತ್ತು ಕಡ್ಡಿ ಕೊಟ್ಟು ಒಂದು ಚೌಕ ತಂದರು. ಕೊನೆಗೆ 3000, 800, 40, 3 ಎಂಬ ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟಾಗ 3843 ಎಂದು ಕಾಣಿಸಿತು. 'ದಶಕ' ಏರಿಸುವುದು ಎಂದು ನಾವು ಶಾಲೆಯಲ್ಲಿ ಉರು ಹೊಡೆದದ್ದನ್ನು ಮಗ ಕೈಯಲ್ಲಿ ಹಿಡಿದು ಕೊಂಡೊಯ್ದು ಬದಲಾಯಿಸಿಕೊಂಡು ಬರುವುದನ್ನು ತಂದೆ ನೋಡಿದರು.

ತಾತ ನೋಡುತ್ತಿದ್ದುದು ಬೇರೆ. ಅವರು ಅಕ್ಷರದ ಪೆಟ್ಟಿಗೆಯ ಹತ್ತಿರ ಇದ್ದ ಬೇರೆ ಮಕ್ಕಳನ್ನು ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಹೇಳಿದರು: 'ಇದನ್ನ ನಾವೂ ಮಾಡಿದ್ವಲ್ಲಮ್ಮ. ಕೋಟೆಯಲ್ಲಿದ್ದಾಗ ಅ ಆ ಇ ಈ ಅಂತ ಶುರು ಮಾಡ್ತಿರಲಿಲ್ಲ. ರ ಗ ಸ ದ ಅ. ಐದೇ ಅಕ್ಷರ. ಅಷ್ಟರಲ್ಲೇ ಮಕ್ಕಳು ಸರ, ಅರಸ, ಅಗಸ, ಗರಗಸ ಅಂತ ಓದೋರು. ಆಗ ಯಾರಾದ್ರೂ ಬಂದು ವರ್ಣಮಾಲೆ ಹೇಳು ಅಂದಿದ್ರೆ ನಮ್ಮ ಮಕ್ಕಳೂ ಫೇಲೇ.'

ಅವರು ಹೇಳಿದ ಕೋಟೆ, ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಶುರುವಾದದ್ದು ಆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳು ಕಾರ್ಡು, ಕಲಿಕಾ ಏಣಿ ಮಾಡಿಕೊಂಡರು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಒಬ್ಬೊಬ್ಬರು ಏಣಿಯ ಒಂದೊಂದು ಮೆಟ್ಟಿಲಲ್ಲಿ. ಮುಂದೆ ಅದು ರಾಜ್ಯಕ್ಕೆಲ್ಲ ಹರಡಿತು. ನಲಿ-ಕಲಿ ಮಾಂಟೆಸ್ಸರಿ ಅಲ್ಲ, ಎರಡರ ಬೇರೂ ಬೇರೆ. ಆದರೆ ಅಕ್ಷರವನ್ನು ಮಾಲೆಯ ಕ್ರಮದಲ್ಲಿ ಕಲಿಸಬೇಕಾಗಿಲ್ಲ, ಮಗು ತನ್ನ ಹೆಜ್ಜೆಯಲ್ಲಿ ಏರಲಿ ಎಂಬುದನ್ನು ಮೈಸೂರು ಜಿಲ್ಲೆಯ ಸರ್ಕಾರಿ ಮೇಷ್ಟ್ರುಗಳು ಸ್ವಂತ ಅನುಭವದಿಂದ ಬಲ್ಲರು. ನನ್ನ ವಿವರಣೆಯಿಂದ ಆಗದ್ದು ತಾತನ ಆ ನಾಲ್ಕು ಮಾತಿನಿಂದ ಆಯಿತು. ಸೊಸೆಗೆ ಅವರೇ ಹೇಳಿದರು, ಸಂಜೆಯ ಕಾಪಿ ನಿಂತಿತು.

ಸೀಟಿನ ಲೆಕ್ಕ

ಉಳಿದದ್ದು ಸೀಟು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮದಿಂದ ಪುಟ್ಟನಿಗೆ ಒಂದು ಅನುಕೂಲ ಇತ್ತು. ಮೂರನೇ ವರ್ಷ ಮುಗಿಸಿದರೆ ಅವನಿಗೆ ಸರಿಯಾಗಿ 6 ವರ್ಷ ಮೂರು ತಿಂಗಳು. ವಯಸ್ಸು ಎಲ್ಲೂ ಹಾಳಾಗುವುದಿಲ್ಲ. ಆದರೆ ದೊಡ್ಡ ಶಾಲೆಗಳಲ್ಲಿ ಯುಕೆಜಿ ಮಕ್ಕಳೇ ಒಂದನೇ ತರಗತಿಗೆ ಏರುವುದರಿಂದ ಹೊರಗಿನವರಿಗೆ ಉಳಿಯುವ ಜಾಗ ಕಡಿಮೆ. ಇದು ನಿಜವಾದ ತೊಂದರೆ. ಅದನ್ನು ಮುಚ್ಚಿಟ್ಟು 'ಏನೂ ಆಗಲ್ಲ' ಎನ್ನುವವರನ್ನು ನಾನು ಒಪ್ಪುವುದಿಲ್ಲ.

ತಂದೆ ಇನ್ನೊಂದು ಕೇಳಿದರು: ಮೂರನೇ ವರ್ಷ ಉಳಿದರೆ ಲಾಭ ಅಂತ ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ? ನೋಡಿದ್ದಾರೆ. ಅಮೆರಿಕದ 24 ಸಾರ್ವಜನಿಕ ಮಾಂಟೆಸ್ಸರಿ ಶಾಲೆಗಳಲ್ಲಿ ಮೂರು ವರ್ಷದ ಮಕ್ಕಳಿಗೆ ಲಾಟರಿಯಲ್ಲಿ ಸೀಟು ಕೊಡುತ್ತಿದ್ದರು. ಸೀಟು ಸಿಕ್ಕವರು, ಸಿಗದವರು ಸೇರಿ 588 ಮಕ್ಕಳನ್ನು ಹೋಲಿಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಕಿಂಡರ್‌ಗಾರ್ಟನ್ ಕೊನೆಗೆ, ಅಂದರೆ ಮೂರನೇ ವರ್ಷ ಮುಗಿದಾಗ, ಓದು, ನೆನಪು, ಗಮನ ಹಿಡಿದಿಡುವುದು, ಬೇರೆಯವರ ಮನಸ್ಸು ತಿಳಿಯುವುದು ಇವುಗಳಲ್ಲಿ ಸೀಟು ಸಿಕ್ಕವರು ಮುಂದಿದ್ದರು. ಬೇರೆ ಎಷ್ಟೋ ಶಿಶುವಿಹಾರ ಯೋಜನೆಗಳಲ್ಲಿ ಮೊದಲು ಕಂಡ ಲಾಭ ಆ ಹೊತ್ತಿಗೆ ಕರಗಿಹೋಗಿರುತ್ತದೆ, ಇಲ್ಲಿ ಹಾಗಾಗಲಿಲ್ಲ. ಅಲ್ಲಿನ ಶಾಲೆ ಬೇರೆ, ನಮ್ಮದು ಬೇರೆ ಎಂಬುದನ್ನೂ ಮರೆಯಬಾರದು. ನಮ್ಮಲ್ಲಿ 'ಮಾಂಟೆಸ್ಸರಿ' ಎಂಬ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಬಹುದು. ವಯಸ್ಸಿಗೊಂದು ಕೋಣೆ, ಮುಕ್ಕಾಲು ಗಂಟೆಗೊಂದು ಬೆಲ್ ಇದ್ದರೆ ಅಲ್ಲಿ ಪಿಂಕ್ ಟವರ್ (ಒಂದರ ಮೇಲೊಂದು ಪೇರಿಸುವ ಗುಲಾಬಿ ಘನಗಳ ಮಾಂಟೆಸ್ಸರಿ ಸಾಮಗ್ರಿ) ಇದ್ದೂ ಪ್ರಯೋಜನ ಇಲ್ಲ.

ಕೊನೆಗೆ ಅವರು ಉಳಿಸಿಕೊಳ್ಳುವುದೆಂದು ತೀರ್ಮಾನಿಸಿದರು. ಜೊತೆಗೆ ನೇರವಾಗಿ ಒಂದನೇ ತರಗತಿಗೆ ತೆಗೆದುಕೊಳ್ಳುವ ಶಾಲೆಗಳನ್ನು ಆಗಲೇ ಹುಡುಕತೊಡಗಿದರು. ಜಾಣತನದ ಕೆಲಸ ಅದು.

ಮೂರನೇ ವರ್ಷ

ಜೂನ್‌ನಲ್ಲಿ ಮೂರು ವರ್ಷದ ಹೊಸ ಮಕ್ಕಳು ಅಳುತ್ತಾ ಬಂದರು. ಪುಟ್ಟ ಈಗ ದೊಡ್ಡವರಲ್ಲಿ ಒಬ್ಬ. ಒಂದು ಮಗುವಿಗೆ ಚಾಪೆ ಸುತ್ತುವುದು ಹೇಗೆಂದು ತೋರಿಸಿದ. ಮಾತಾಡದೆ, ನಿಧಾನವಾಗಿ, ನಾವು ಅವನಿಗೆ ತೋರಿಸಿದ ಹಾಗೆಯೇ. ಗೊತ್ತಿರುವವರು ಕೇಳಿದರಷ್ಟೇ ಮಾಡುವ ಹುಡುಗ ತಾನಾಗಿ ಮುಂದೆ ಹೋದದ್ದು ಅಲ್ಲಿಂದ.

ಒತ್ತಕ್ಷರ ತಾತನ ಕಾರ್ಡಿನಿಂದ ಬಂತು. ಊರಿಗೆ ಹೋದ ತಾತ ಅಂಚೆ ಕಾರ್ಡ್ ಬರೆಯಲು ಶುರು ಮಾಡಿದ್ದರು. ದೊಡ್ಡ ಅಕ್ಷರ, ಎರಡೇ ಸಾಲು. ಮೊದಲ ಕಾರ್ಡನ್ನು ಪುಟ್ಟ ಇಲ್ಲಿಗೆ ತಂದ: 'ಪುಟ್ಟ, ಅಜ್ಜಿ ಚಕ್ಕುಲಿ ಮಾಡಿದ್ದಾರೆ. ಬಸ್ಸಲ್ಲಿ ತರುತ್ತೇವೆ.' ತಿರುತಿರುಗಿಸಿ ನೋಡಿ 'ಆಂಟಿ, ಒಂದು ಜ ಕೆಳಗೆ ಕೂತಿದೆ!' ಎಂದ. ಆಮೇಲೆ ತನ್ನ ಹೆಸರಲ್ಲೇ ಟ ಕೆಳಗೆ ಕೂತದ್ದು ಕಂಡಿತು. ಕ, ದ, ಸ ಸಿಕ್ಕವು. 'ಲ್ಲಿ', 'ತ್ತೇ' ಹತ್ತಿರ ನಿಂತುಬಿಟ್ಟ. ಅಲ್ಲಿ ಕೆಳಗೆ ಇರುವುದು ಲ, ತ ಥರ ಕಾಣುವುದಿಲ್ಲವಲ್ಲ! ಕನ್ನಡದಲ್ಲಿ ಹೆಚ್ಚಿನ ಒತ್ತುಗಳು ತಲೆಕಟ್ಟು ಬಿಟ್ಟ ಅದೇ ಅಕ್ಷರ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಬೇರೆ ರೂಪ. ಆ ಕೆಲವನ್ನು ನಾನು ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿ ಕೊಟ್ಟೆ.

ಆ ಕಾರ್ಡನ್ನು ಇನ್ನೊಮ್ಮೆ ಓದಿ. ಇರುವ ಒತ್ತೆಲ್ಲ ಸಜಾತಿ. ಮೇಷ್ಟ್ರು ಬೇಕೆಂದೇ ಹಾಗೆ ಬರೆದಿದ್ದರು. ಎರಡು ತಿಂಗಳಾದ ಮೇಲಿನ ಕಾರ್ಡುಗಳಲ್ಲಿ ರಸ್ತೆ, ಪುಸ್ತಕ, ಚಂದ್ರ ಬಂದವು.

ದಸರಾ ರಜೆ ಕಳೆದು ಬಂದ ಮೇಲೆ ಅವನು ಬರೆಯುವುದನ್ನು ನಿಲ್ಲಿಸುವುದೇ ಕಷ್ಟವಾಯಿತು. ಚಾಕ್‌ನಲ್ಲಿ ನೆಲದ ಮೇಲೆ, ಚೀಟಿಗಳ ಮೇಲೆ. ಮೆಟಲ್ ಇನ್‌ಸೆಟ್ ಈಗ ತಾನೇ ಎತ್ತಿಕೊಳ್ಳುತ್ತಿದ್ದ, ಕಾರ್ಡಿಗೆ ಉತ್ತರ ಬರೆಯಲು ಕೈ ಬೇಕಿತ್ತಲ್ಲ. ಇಂಗ್ಲಿಷ್ ದೊಡ್ಡಕ್ಷರಗಳನ್ನು ಸಣ್ಣಕ್ಷರಗಳ ಜೊತೆ ಜೋಡಿ ಮಾಡುವ ಕಾರ್ಡಿನಿಂದ ಕಲಿತ. ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಪುಟ ಎ, ಒಂದು ಪುಟ ಬಿ ಬರೆಯಬೇಕಾಗಿ ಬರಲೇ ಇಲ್ಲ.

ಒಂದನೇ ತರಗತಿ

ಸೀಟು ಸಿಕ್ಕಿತು, ಮೊದಲು ಬಯಸಿದ ಶಾಲೆಯಲ್ಲಲ್ಲ. ಅಲ್ಲಿ ಜನನ ಪ್ರಮಾಣಪತ್ರ ನೋಡಿ, ಮಗುವಿನ ಜೊತೆ ನಾಲ್ಕು ಮಾತಾಡಿ ಸೇರಿಸಿಕೊಂಡರು.

ಮೊದಲ ತಿಂಗಳುಗಳು ಸಲೀಸಾಗಿರಲಿಲ್ಲ. ತನ್ನ ಕೆಲಸ ಮುಗಿದ ಕೂಡಲೇ ಎದ್ದು ಓಡಾಡುತ್ತಾನೆ ಎಂಬ ದೂರು ಬಂತು. ಇಂಗ್ಲಿಷ್ ಡಿಕ್ಟೇಷನ್‌ನಲ್ಲಿ ಯುಕೆಜಿ ಮಾಡಿ ಬಂದ ಮಕ್ಕಳಿಗಿಂತ ಹಿಂದಿದ್ದ. ಅಕ್ಷರ ದಪ್ಪ, ಸಾಲು ವಾರೆ. ಕನ್ನಡ ಓದುವುದರಲ್ಲಿ, ಕೂಡುವುದು ಕಳೆಯುವುದರಲ್ಲಿ ತರಗತಿಗಿಂತ ಮುಂದಿದ್ದ. ಅವನ ಟೀಚರ್ ಒಳ್ಳೆಯವರು. ಕೆಲಸ ಮುಗಿಸಿದ ಮಕ್ಕಳಿಗೆಂದು ಕಿಟಕಿಯ ಹತ್ತಿರ ಪುಸ್ತಕದ ಒಂದು ಬುಟ್ಟಿ ಇಟ್ಟರು. ಓಡಾಟ ಬಹುಮಟ್ಟಿಗೆ ನಿಂತಿತು. ಡಿಕ್ಟೇಷನ್ ಇನ್ನೂ ಅಷ್ಟಕ್ಕಷ್ಟೇ. ಗೊತ್ತಿಲ್ಲದವರು 'ಮಾಡು' ಎಂದರೆ ಈಗಲೂ ಒಂದು ಗಳಿಗೆ ನಿಂತು ನೋಡುತ್ತಾನೆ.

ನಾವು ಇಲ್ಲಿ ಒಂದು ಪದ್ಧತಿ ಶುರು ಮಾಡಿದ್ದೇವೆ. ಎರಡನೇ ವರ್ಷದ ಮಕ್ಕಳ ತಂದೆತಾಯಿಯನ್ನು ಅರ್ಜಿಗಳು ಬರುವ ಮೊದಲೇ, ಅಕ್ಟೋಬರ್‌ನಲ್ಲಿ, ಒಂದು ಬೆಳಿಗ್ಗೆ ಕೂತು ನೋಡಲು ಕರೆಯುತ್ತೇವೆ. ಮಗು ಚಾಪೆಯ ಮೇಲೆ ಜೋಡಿಸಿದ ಕನ್ನಡ ಸಾಲುಗಳನ್ನು ಫೋಟೋ ತೆಗೆದು ತೋರಿಸುತ್ತೇವೆ. ಅಜ್ಜಿ ತಾತ ಇದ್ದರೆ ಅವರನ್ನೂ ಕರೆಯುತ್ತೇವೆ.

ಪುಟ್ಟನ ತಂಗಿ ಬರುವ ಜೂನ್‌ನಲ್ಲಿ ಸೇರುತ್ತಾಳೆ. ಅರ್ಜಿ ತುಂಬಲು ಬಂದ ತಂದೆ ಫೀಸು ಕೇಳುವ ಮೊದಲು ಕೇಳಿದ್ದು, ಮೂರನೇ ವರ್ಷದ ಮಕ್ಕಳು ಎಷ್ಟು ಜನ ಉಳಿದಿದ್ದಾರೆ, ಇವಳಿಗೆ ಚಾಪೆ ಸುತ್ತುವುದು ತೋರಿಸಲು ದೊಡ್ಡವರು ಇರ್ತಾರಾ ಎಂದು. ಈ ವರ್ಷ ಏಳು ಮಕ್ಕಳು ಉಳಿಯುತ್ತಿದ್ದಾರೆ ಎಂದೆ.